ಕೆಂಪು ದಾರ, ಹಸಿರು ದಾರ

ಎರಡು ಗುಂಪಿನ ಕೋಳಿಗಳು ಇಷ್ಟೊಂದು ಒಂದೇ ತೆರನಾಗಿ ಬೆಳೆದದ್ದನ್ನು ಡಾಕ್ಟರ್ ಅನಸೂಯಾ ತನ್ನ ಇಡೀ ಸರ್ವಿಸಿನಲ್ಲಿ ಕಂಡಿರಲಿಲ್ಲ. ಕೆಂಪು ದಾರದ ಗುಂಪಿನ ತೂಕ ಎಷ್ಟೋ ಹಸಿರು ದಾರದ ಗುಂಪಿನ ತೂಕವೂ ಅಷ್ಟೇ. ತಿಂದದ್ದು ಅಷ್ಟೇ, ಕುಡಿದದ್ದು ಅಷ್ಟೇ. ಒಂದೇ ಬಸುರಿನಲ್ಲಿ ಬಂದ ಅವಳಿ ಮಕ್ಕಳಾದರೂ ಒಂದು ಜಾಸ್ತಿ ಅಳುತ್ತದೆ, ಇನ್ನೊಂದು ಜಾಸ್ತಿ ಉಣ್ಣುತ್ತದೆ. ಇವು ಹಾಗೂ ಅಲ್ಲ. ವಿಶಾಖಪಟ್ಟಣದ ಹೊರಗೆ, ಋಷಿಕೊಂಡದ ಆಚೆಗಿದ್ದ ಆ ಪ್ರಯೋಗಾಲಯದಲ್ಲಿ ಉಳಿದವರಿಗೆಲ್ಲ ಇದು ಹಬ್ಬದ ಸುದ್ದಿಯಾಗಿತ್ತು. ನಿರ್ದೇಶಕ ರಾಮಮೋಹನ್ ಆಗಲೇ ಬೀಜದ ಕಂಪನಿಗೆ ಫೋನ್ ಮಾಡಿ, ಮಾಡುಗುಲ ಹಲ್ವ ತರಿಸಿ, ಎಲ್ಲರ ಟೇಬಲ್ಲಿಗೂ ಒಂದೊಂದು ತುಂಡು ಕಳಿಸಿದ್ದರು. ಅನಸೂಯಾಳ ಪಾಲಿನ ತುಂಡಿಗೆ ಸಂಜೆಯ ಹೊತ್ತಿಗೆ ಇರುವೆ ಮುತ್ತಿದ್ದವು.

ಸಂಗತಿ ಇಷ್ಟು. ಕಾಂಡ ಕೊರೆಯುವ ಹುಳುವನ್ನು ಗಿಡ ತಾನೇ ಕೊಲ್ಲುವಂತೆ ಅದರ ವಂಶವಾಹಿಯಲ್ಲಿ ಹೊಸದೊಂದನ್ನು ಸೇರಿಸಿ ಒಂದು ಕಂಪನಿ ಮೆಕ್ಕೆಜೋಳದ ತಳಿ ತಯಾರಿಸಿತ್ತು. ಕುಲಾಂತರಿ ಎನ್ನುತ್ತಾರಲ್ಲ, ಅದು. ಮನುಷ್ಯರ ತಟ್ಟೆಗೂ ದನ ಕೋಳಿಗಳ ಬಾಯಿಗೂ ಬೀಳುವ ಮೊದಲು ಅದರಿಂದ ಕೇಡಿಲ್ಲ ಎಂದು ತೋರಿಸಬೇಕು. ಇಲಿಗಳಿಗೆ ತಿನ್ನಿಸಿ ನೋಡುವ ಕೆಲಸ ಬೇರೆಲ್ಲೋ ನಡೆದಿತ್ತು. ಕೋಳಿಗಳ ಪಾಳಿ ಈ ಪ್ರಯೋಗಾಲಯಕ್ಕೆ ಬಂದಿತ್ತು. ಅರ್ಧ ಕೋಳಿಗಳಿಗೆ ಹೊಸ ಮೆಕ್ಕೆಜೋಳ, ಇನ್ನರ್ಧಕ್ಕೆ ಆ ವಂಶವಾಹಿ ಇಲ್ಲದ ಅದೇ ತಳಿಯ ಮಾಮೂಲು ಮೆಕ್ಕೆಜೋಳ, ಉಳಿದದ್ದೆಲ್ಲ ಸಮ. ಕೊನೆಗೆ ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸುವುದು. ಈ ಹೋಲಿಕೆಯೇ ಅಧ್ಯಯನದ ಪ್ರಾಣ. ಹೋಲಿಕೆ ಇಲ್ಲದೆ ಹೋದರೆ ಅದು ಬರೀ ಕೋಳಿ ಸಾಕಣೆ, ಅದಕ್ಕೆ ಡಾಕ್ಟರುಗಳು ಬೇಕಾಗಿಲ್ಲ.

ಕೋಳಿಗಳಿದ್ದದ್ದು ವಿಜಯವಾಡದ ಹೊರಗೆ, ಬಾಡಿಗೆಗೆ ಹಿಡಿದ ಶೆಡ್ಡಿನಲ್ಲಿ. ಯಾವ ಚೀಲದಲ್ಲಿ ಯಾವ ಕಾಳಿದೆ ಎಂದು ಅಲ್ಲಿಯ ಕೆಲಸದವರಿಗೆ ತಿಳಿಯಬಾರದು, ತಿಳಿದರೆ ಕೈ ಒಂದು ಕಡೆ ವಾಲುತ್ತದೆ. ಅದಕ್ಕಾಗಿ ಚೀಲದ ಮೇಲೆ ಹೆಸರಿಲ್ಲ. ಹೊಸದಕ್ಕೆ ಕೆಂಪು ದಾರದ ಹೊಲಿಗೆ, ಮಾಮೂಲಿಗೆ ಹಸಿರು ದಾರದ್ದು. ಶೆಡ್ಡಿನಲ್ಲೇ ಬೀಸಿ, ಸೋಯಾ ಹಿಂಡಿ ಬೆರೆಸಿ ಹಾಕುವವಳು ರಾಜಮ್ಮ. ಅವಳ ಮೇಲೆ ನಿಗಾ ಇಡಲು ಪ್ರಯೋಗಾಲಯದ ನಂದೀಶ್ ಅಲ್ಲಿಯೇ ರೂಮು ಮಾಡಿಕೊಂಡಿದ್ದ, ಮಂಡ್ಯ ಕಡೆಯ ಹುಡುಗ. ಕೊಯ್ದ ಕೋಳಿಗಳ ಯಕೃತ್ತು, ಮೂತ್ರಪಿಂಡ, ಕರುಳಿನ ಚೂರುಗಳು ವಿಶಾಖಪಟ್ಟಣಕ್ಕೆ ಬಂದು ಅನಸೂಯಾಳ ಸೂಕ್ಷ್ಮದರ್ಶಕದ ಕೆಳಗೆ ಕೂರುತ್ತಿದ್ದವು. ಅಧ್ಯಯನದ ಹೊಣೆ ಅವಳದು. ವರದಿಯ ಕೆಳಗೆ ಅವಳ ಸಹಿ ಬೀಳದೆ ಅದು ಸರ್ಕಾರದ ಒಪ್ಪಿಗೆಗಾಗಿ ದಿಲ್ಲಿಗೆ ಹೋಗುವಂತಿರಲಿಲ್ಲ. ಬೆಣ್ಣೆಯಲ್ಲಿ ಕೂದಲು ಹುಡುಕುವ ಹೆಂಗಸು ಎಂದು ಈ ವಲಯದಲ್ಲಿ ಅವಳಿಗೆ ಹೆಸರಿತ್ತು, ಮತ್ತು ಕಂಪನಿ ಈ ಪ್ರಯೋಗಾಲಯವನ್ನು ಆರಿಸಿಕೊಂಡದ್ದೇ ಆ ಹೆಸರಿಗಾಗಿ. ಅಂಥವಳೇ ಸಹಿ ಹಾಕಿದಳೆಂದರೆ ಇನ್ನು ಯಾರು ಕೇಳುತ್ತಾರೆ?

ಯಕೃತ್ತಿನ ವಿಷಯಕ್ಕೇ ಅವಳ ತಲೆ ಕೆಟ್ಟದ್ದು. ಕೆಲವು ಕೋಳಿಗಳ ಯಕೃತ್ತು ಮಂಕಾಗಿ, ಹಳದಿಗೆ ತಿರುಗಿ, ಒಳಗೆ ಕೊಬ್ಬು ಕಟ್ಟಿಕೊಂಡಿತ್ತು. ಇದೇನು ಜಗತ್ತು ಮುಳುಗುವ ಸಂಗತಿಯಲ್ಲ. ವಿಜಯವಾಡದ ಬೇಸಿಗೆಯಲ್ಲಿ ಮನುಷ್ಯರ ಯಕೃತ್ತೇ ನೆಟ್ಟಗಿರುವುದು ಕಷ್ಟ. ಬೂಷ್ಟು ಹಿಡಿದ ಕಾಳಿನಿಂದಲೂ ಹಾಗಾಗುತ್ತದೆ, ಕೋಳಿಯ ತಳಿಯಿಂದಲೂ ಆಗುತ್ತದೆ. ಹೊಸ ಮೆಕ್ಕೆಜೋಳದಿಂದ ಆಗಿರಲೂಬಹುದು, ಆಗದಿರಲೂಬಹುದು. ಅದನ್ನು ತಿಳಿಯುವ ದಾರಿ ಒಂದೇ: ಕೆಂಪು ಗುಂಪಿನಲ್ಲಿ ಎಷ್ಟಿದೆ, ಹಸಿರು ಗುಂಪಿನಲ್ಲಿ ಎಷ್ಟಿದೆ ಎಂದು ನೋಡುವುದು. ನೋಡಿದರೆ ಎರಡರಲ್ಲೂ ಸಮಸಮ. ಎರಡರಲ್ಲೂ ಇದೆ ಅಂದಮೇಲೆ ಮೆಕ್ಕೆಜೋಳಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಶಾಸ್ತ್ರ ಹೇಳುತ್ತದೆ. ಶಾಸ್ತ್ರದ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಆ ಸಮಸಮದ ಮೇಲೆ ಅನುಮಾನವಿತ್ತು.

ಮನೆಯಲ್ಲಿ ಗಂಡ ಗುರುದತ್‌ನ ಮುಂದೆ ಹೇಳಿಕೊಂಡಳು. ಗುರುದತ್ ಬ್ಯಾಂಕಿನ ಆಫೀಸರು. ಅವನ ವರ್ಗಾವಣೆಯ ಬೆನ್ನಿಗೇ ಧಾರವಾಡದ ಹೆಂಡತಿ ವಿಶಾಖಪಟ್ಟಣಕ್ಕೆ ಬಂದು ಈ ಕೆಲಸ ಹಿಡಿದಿದ್ದಳು. ಲೆಕ್ಕ ತಾಳೆಯಾಗದ ದಿನ ಅವನಿಗೆ ಅನ್ನ ಸೇರುವುದಿಲ್ಲ, ತಾಳೆಯಾದ ಮೇಲೆ ಜಗತ್ತಿನಲ್ಲಿ ದುಃಖವೇಕೆ ಇರಬೇಕು ಎಂಬುದು ಅವನಿಗೆ ತಿಳಿಯುವುದಿಲ್ಲ.

"ತಾಳೆ ಆತಲ್ಲ, ಇನ್ನೇನ ಬೇಕು ನಿನಗ?" ಎಂದ.

"ಬ್ಯಾಂಕಿನ್ಯಾಗ ತಾಳೆ ಆದ್ರ ಚೊಲೋ. ಕೋಳಿ ಹೊಟ್ಟ್ಯಾಗ ಇಷ್ಟ ತಾಳೆ ಆಗಂಗಿಲ್ಲ."

ಮರುದಿನ ಅವಳು ಯಾರಿಗೂ ಹೇಳದೆ ಪಟ್ಟಿಗಳ ಡಬ್ಬಿ ತೆಗೆದಳು. ಬೆರಳಗಲದ ಕಾಗದದ ಪಟ್ಟಿ. ಕಾಳನ್ನು ಪುಡಿ ಮಾಡಿ ನೀರಿಗೆ ಹಾಕಿ, ಪಟ್ಟಿಯ ತುದಿ ಅದ್ದಿದರೆ ಸಾಕು. ಒಂದು ಗೆರೆ ಮೂಡಿದರೆ ಮಾಮೂಲು ಮೆಕ್ಕೆಜೋಳ, ಎರಡು ಮೂಡಿದರೆ ಹೊಸದು ಅದರಲ್ಲಿದೆ ಎಂದರ್ಥ. ಪ್ರಯೋಗಾಲಯದಲ್ಲೇ ಉಳಿದಿದ್ದ, ಹಸಿರು ದಾರ ಬಿಚ್ಚದ ಚೀಲದ ಕಾಳಿಗೆ ಒಂದೇ ಗೆರೆ ಬಂತು. ಬೀಜದ ಕಂಪನಿ ಮೋಸ ಮಾಡಿರಲಿಲ್ಲ. ಶೆಡ್ಡಿನಲ್ಲಿ ಪ್ರತಿ ಸಲ ಬೀಸಿದಾಗಲೂ ಒಂದೊಂದು ಹಿಡಿ ಫೀಡ್ ತೆಗೆದು ವಿಶಾಖಪಟ್ಟಣಕ್ಕೆ ಕಳಿಸುವುದು ಪದ್ಧತಿಯಾಗಿತ್ತು. ಹಸಿರು ಗುಂಪಿನ ಆ ಪೊಟ್ಟಣಗಳಿಗೆ ಕೈ ಹಾಕಿದಳು. ಮೊದಮೊದಲಿನವಕ್ಕೆ ಒಂದು ಗೆರೆ. ಆಮೇಲಿನವಕ್ಕೆಲ್ಲ ಎರಡು. ಎರಡನೆಯ ಗೆರೆ ನಾಚಿಕೆಯಿಲ್ಲದೆ, ಢಾಳಾಗಿ ನಿಂತಿತ್ತು. ಮಾಮೂಲು ತಿನ್ನಬೇಕಾದ ಕೋಳಿಗಳೂ ಹೊಸದನ್ನೇ ತಿಂದಿದ್ದವು. ಬೇಸಿಗೆಯುದ್ದಕ್ಕೂ ಅವಳು ಕಣ್ಣು ಕೀಲಿಸಿ ಹೋಲಿಸಿದ್ದು ಅದನ್ನು ಅದರ ಜೊತೆಗೇ.

ಬೆಳಗಿನ ರೈಲು ಹಿಡಿದು ವಿಜಯವಾಡಕ್ಕೆ ಹೋದಳು. ನಂದೀಶ್ ಸ್ಟೇಷನ್ನಿಗೆ ಬಂದಿದ್ದ. ಆಟೋದವನ ಜೊತೆ ತೆಲುಗಿನಲ್ಲಿ ಚೌಕಾಸಿ ಮಾಡಿ, ಅವನನ್ನು ನಗಿಸಿ, ಬಾಡಿಗೆ ಇಳಿಸಿ, ದಾರಿಯುದ್ದಕ್ಕೂ ಅವನ ಜೊತೆ ಯಾವುದೋ ಹೊಸ ಸಿನಿಮಾದ ಮಾತಾಡಿದ. ಮೇಡಂ ಯಾಕೆ ಬಂದರು ಎಂದು ಕೇಳಲಿಲ್ಲ. ಕೇಳದೇ ಇದ್ದದ್ದನ್ನು ಅವಳು ಗಮನಿಸಿದಳು.

ರಾಜಮ್ಮ ಶೆಡ್ಡಿನ ಬಾಗಿಲಲ್ಲಿ ನೀರಿನ ಪಾತ್ರೆ ತಿಕ್ಕುತ್ತಿದ್ದಳು. ಹೆಂಗಸು ಅನಸೂಯಾಳ ವಯಸ್ಸಿನವಳೇ. ಮಾತು ಜಾಸ್ತಿ, ಮನಸ್ಸಿನಲ್ಲಿ ಕಪಟವಿಲ್ಲ. ಹಸಿರು ದಾರದ ಚೀಲದ ವಿಷಯ ಎತ್ತಿದ್ದೇ ತಡ, ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿಬಿಟ್ಟಳು, ಅದೂ ಒಳ್ಳೆಯ ಕೆಲಸ ಮಾಡಿದವರ ಹೆಮ್ಮೆಯಿಂದ. ಮೊದಲು ಎಲ್ಲ ಸರಿಯಿತ್ತಂತೆ. ಬರಬರುತ್ತ ಹಸಿರು ದಾರದ ಚೀಲಗಳಿಗೆ ಚಿಟ್ಟೆ ಹತ್ತಿತು. ಕಾಳಿನಲ್ಲಿ ಸಣ್ಣ ಸಣ್ಣ ತೂತು, ಚೀಲ ಬಿಚ್ಚಿದರೆ ಮುಖಕ್ಕೆ ಹಾರಿಬರುವ ಬೂದು ಬಣ್ಣದ ಹುಡಿಚಿಟ್ಟೆ. ಪಕ್ಕದಲ್ಲೇ ಒರಗಿದ್ದ ಕೆಂಪು ದಾರದ ಚೀಲಗಳಲ್ಲಿ ಕಾಳು ಮುತ್ತಿನ ಹಾಗಿತ್ತು, ಒಂದು ಹುಳುವಿಲ್ಲ. ಅಯ್ಯಗಾರಿಗೆ ತೋರಿಸಿದಳು. ಅಯ್ಯಗಾರೆಂದರೆ ನಂದೀಶ್. ಅವನು ನೋಡಿ, ತಲೆ ಕೆರೆದುಕೊಂಡು, "ಸರ್ದುಕೋ ರಾಜಮ್ಮಾ" ಎಂದು ಹೊರಟುಹೋದ. ಸರ್ದುಕೋ ಎಂದರೆ ಹೊಂದಿಸಿಕೊಂಡು ಹೋಗು ಎಂದು. ಅವಳು ಹೊಂದಿಸಿಕೊಂಡಳು. ಆ ದಿನದಿಂದ ಎರಡೂ ಚೀಲದ ಕಾಳನ್ನು ನೆಲದ ಮೇಲೆ ಸುರಿದು, ಸಲಿಕೆಯಿಂದ ಅರ್ಧರ್ಧ ಬೆರೆಸಿ, ಬೀಸಿ, ಎಲ್ಲ ಕೋಳಿಗೂ ಒಂದೇ ಸಮ ಹಾಕಿದಳು.

"ಒಂದೇ ಬಂತಿಯಲ್ಲಿ ಕೂರಿಸಿ ಅರ್ಧ ಜನಕ್ಕೆ ಒಳ್ಳೆಯದು, ಅರ್ಧ ಜನಕ್ಕೆ ಹುಳ ಹಿಡಿದದ್ದು ಬಡಿಸ್ತಾರಾ ಅಮ್ಮಾ?" ಎಂದು ತನ್ನ ತೆಲುಗಿನಲ್ಲಿ ಕೇಳಿದಳು. "ಕೋಳಿ ಆದರೇನು, ಅದಕ್ಕೂ ಹೊಟ್ಟೆ ಇದೆ. ಪಾಪಂ ಕಾದಾ, ಪಾಪ ಅಲ್ಲವಾ?"

ಬಂತಿ ಎಂದರೆ ನಮ್ಮ ಪಂಕ್ತಿ. ಪಂಕ್ತಿಭೇದ ಮಾಡಬಾರದು ಎಂದು ಅನಸೂಯಾಳಿಗೂ ಚಿಕ್ಕಂದಿನಿಂದ ಹೇಳಿಯೇ ಬೆಳೆಸಿದ್ದರು. ಉಣ್ಣಲು ಕೂತವರ ನಡುವೆ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಬಡಿಸುವವರನ್ನು ಕಂಡರೆ ಅವಳಿಗೂ ಮೈ ಉರಿಯುತ್ತದೆ. ಆದರೆ ಅವಳು ಲಕ್ಷಗಟ್ಟಲೆ ಖರ್ಚು ಮಾಡಿಸಿ, ಎರಡು ಬಣ್ಣದ ದಾರ ಹೊಲಿಸಿ, ಇಷ್ಟು ಜನರನ್ನು ಓಡಾಡಿಸಿ ಮಾಡುತ್ತಿದ್ದದ್ದು ಅಪ್ಪಟ ಪಂಕ್ತಿಭೇದವೇ. ಭೇದ ಮಾಡಿದರೆ ಮಾತ್ರ ಸತ್ಯ ಸಿಗುವ ಕೆಲಸ ಇದು ಎಂದು ರಾಜಮ್ಮನಿಗೆ ಯಾರೂ ಹೇಳಿರಲಿಲ್ಲ. ಚೀಲದ ಗುಟ್ಟು ಕಾಯುವ ಸಂಭ್ರಮದಲ್ಲಿ ಆ ಒಂದು ಮಾತು ಹೇಳುವುದು ಎಲ್ಲರಿಗೂ ಮರೆತುಹೋಗಿತ್ತು. ಇವಳ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಇಡೀ ಅಧ್ಯಯನದಲ್ಲಿ ಎರಡು ಚೀಲವನ್ನು ಬೇರೆ ಬೇರೆ ಎಂದು ನೋಡಿದ್ದು ಆ ಹಾಳು ಚಿಟ್ಟೆ ಒಂದೇ.

ಅನಸೂಯಾಳ ಮುಖ ನೋಡಿ ರಾಜಮ್ಮನಿಗೆ ಏನೋ ತಪ್ಪಾಗಿದೆ ಎಂಬುದು ಆಗ ಹೊಳೆಯಿತು. ಕೈ ಒರೆಸಿಕೊಳ್ಳುತ್ತ, ತನ್ನ ಕೆಲಸಕ್ಕೇನೂ ಆಗುವುದಿಲ್ಲವಲ್ಲ ಎಂದು ಕೇಳಿದಳು. ನಿನ್ನ ಹೆಸರು ನನ್ನ ಬಾಯಿಂದ ಬರುವುದಿಲ್ಲ ಎಂದು ಅನಸೂಯಾ ಮಾತು ಕೊಟ್ಟಳು.

ನಂದೀಶ್‌ನನ್ನು ಹೊರಗೆ ಬೇವಿನ ಮರದ ಕೆಳಗೆ ನಿಲ್ಲಿಸಿಕೊಂಡಳು. ಅಷ್ಟು ಹೊತ್ತೂ ಅವನು ಪಕ್ಕದಲ್ಲೇ ನಿಂತು ರಾಜಮ್ಮ ಹೇಳಿದ್ದನ್ನೆಲ್ಲ ಕೇಳಿದ್ದ, ನಡುವೆ ಒಂದೆರಡು ಕಡೆ ಅವಳ ಮಾತು ಸರಿಪಡಿಸಿಯೂ ಇದ್ದ.

"ನನಗ ಒಂದು ಫೋನ್ ಮಾಡಾಕ ನಿನಗೇನ ಆಗಿತ್ತು?"

"ಚಿಟ್ಟೆ ಬಂದಿದ್ದು ನಿಜ ಮೇಡಂ. ಹೇಳಿದ್ರೆ ಎಲ್ಲಾ ಮೊದಲಿಂದ ಶುರು ಮಾಡಿ ಅಂತಿದ್ರಿ. ನನ್ದು ಈ ಸಲನೇ ಪರ್ಮನೆಂಟ್ ಆಗೋದಿತ್ತು." ನೆಲ ನೋಡುತ್ತ ಸೇರಿಸಿದ: "ಸರ್ದುಕೋ ಅಂದೆ ಅಷ್ಟೇಯ. ಅವ್ಳು ಹಿಂಗೆ ಮಾಡ್ತಾಳೆ ಅಂತ ನಂಗೇನ್ ಗೊತ್ತು?"

ಹುಡುಗನ ಕಣ್ಣಲ್ಲಿ ನೀರಿತ್ತು. ಕಾಂಟ್ರಾಕ್ಟಿನ ಮೇಲೆ ಊರು ಬಿಟ್ಟು ಬಂದು ವರ್ಷಗಟ್ಟಲೆ ಕೋಳಿ ಹಿಕ್ಕೆಯ ನಡುವೆ ಮಲಗಿದವನು. ಅವಳಿಗೆ ಅಯ್ಯೋ ಅನ್ನಿಸಿತು. ಕೇಳಿದವರಿಗೆ ನಡೆದದ್ದನ್ನು ನಡೆದ ಹಾಗೆ ಹೇಳುವೆಯಾ ಎಂದಷ್ಟೇ ಕೇಳಿದಳು. ಹೇಳುತ್ತೇನೆ, ಸುಳ್ಳು ಹೇಳುವುದಿಲ್ಲ ಎಂದ. ಅವಳು ನಂಬಿದಳು. ಕನ್ನಡದಲ್ಲಿ ಹೇಳಿದ ಎಂಬ ಕಾರಣಕ್ಕೆ ಒಂದು ಹಿಡಿ ಹೆಚ್ಚಾಗಿಯೇ ನಂಬಿದಳು. ಪರಊರಿನಲ್ಲಿ ನಮ್ಮವರಿಗೆ ಇದೊಂದು ರೋಗ.

ರಾಮಮೋಹನ್ ಹೆಬ್ಬಾಳದಲ್ಲಿ ಓದಿದವರು. ಅನಸೂಯಾಳ ಜೊತೆ ಕನ್ನಡವನ್ನೇ ಆಡುತ್ತಿದ್ದರು, ಅದಕ್ಕೆ ತಮ್ಮ ತೆಲುಗಿನ 'ಅಂಡಿ'ಯ ಮರ್ಯಾದೆ ಹಚ್ಚಿ. ಅವಳು ಎಲ್ಲವನ್ನೂ ಹೇಳಿ, ಈ ಅಧ್ಯಯನವನ್ನು ಕಸದ ಬುಟ್ಟಿಗೆ ಹಾಕಿ ಹೊಸ ಕಾಳು ತರಿಸಿ ಮೊದಲಿನಿಂದ ಮಾಡಬೇಕು ಎಂದಳು. ಅವರು ಕೂಗಾಡುತ್ತಾರೆಂದು ಎಣಿಸಿದ್ದಳು. ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸಿ, ಬಹಳ ಹೊತ್ತು ಯೋಚಿಸಿ, ಮುಗುಳ್ನಕ್ಕರು.

"ಇದು ಇನ್ನೂ ಒಳ್ಳೆಯದೇ ಆಯ್ತಲ್ಲಾ ಅಂಡಿ. ಅರ್ಧ ಕೋಳಿ ತಿನ್ನಬೇಕಿತ್ತು. ಎಲ್ಲಾ ತಿಂದವು. ಒಂದಾದರೂ ಸತ್ತಿತಾ?"

ಹೋಲಿಸಲು ಇನ್ನೇನು ಉಳಿಯಿತು ಎಂದು ಅನಸೂಯಾ ಕೇಳಿದಳು. ಆ ಹಳದಿ ಯಕೃತ್ತು ಬಿಸಿಲಿನಿಂದ ಬಂತೋ ಬೂಷ್ಟಿನಿಂದ ಬಂತೋ ಈ ಮೆಕ್ಕೆಜೋಳದಿಂದಲೇ ಬಂತೋ, ಈಗ ಯಾವ ದೇವರು ಬಂದರೂ ಹೇಳಲಾರ ಎಂದಳು. ರಾಮಮೋಹನ್ ಸಮಾಧಾನದಿಂದಲೇ, ಕಂಪನಿಯ ಗಡುವು, ಮಳೆಗಾಲದ ಬಿತ್ತನೆ, ಈ ಒಂದು ಕೆಲಸದ ಮೇಲೆ ನಿಂತಿರುವ ಪ್ರಯೋಗಾಲಯದವರ ಸಂಬಳ, ಎಲ್ಲವನ್ನೂ ಮಗುವಿಗೆ ತಿಳಿಹೇಳುವಂತೆ ಹೇಳಿದರು. ಅವಳು ಸಹಿ ಹಾಕುವುದಿಲ್ಲ ಎಂದಳು. ಆಗಲೂ ಅವರಿಗೆ ಸಿಟ್ಟು ಬರಲಿಲ್ಲ. ವರದಿ ದಿಲ್ಲಿಗೆ ಹೋಗುವ ಮುಂಚೆ ಅದನ್ನು ನೋಡಲು ಹೊರಗಿನ ತಜ್ಞರ ಒಂದು ತಂಡ ಬರುವುದಿತ್ತು. ಹೇಳುವುದಿದ್ದರೆ ಅವರೆದುರಿಗೇ ಹೇಳಿ, ಅವರು ಬೇಡವೆಂದರೆ ನಾನೇ ಮೊದಲಿನಿಂದ ಮಾಡಿಸುತ್ತೇನೆ, ನಾನು ಅಡ್ಡ ಬರುವವನಲ್ಲ ಎಂದರು. ಅನಸೂಯಾ ಗೆದ್ದೆನೆಂದುಕೊಂಡು ಮನೆಗೆ ಬಂದಳು. ಗೆದ್ದವರ ಹಾಗೆ ಉಪ್ಪಿಟ್ಟು ಮಾಡಿ ತಿಂದಳು ಕೂಡ.

ಗುರುದತ್‌ಗೆ ಮಾತ್ರ ಇದು ಸೇರಲಿಲ್ಲ. ಹೆಂಡತಿ ಹಠ ಹಿಡಿದಾಗೆಲ್ಲ ಮನೆಯ ಸಾಮಾನು ಕಟ್ಟುವ ಕೆಲಸ ಹತ್ತಿರ ಬರುತ್ತದೆ ಎಂಬುದು ಅವನ ಅನುಭವ.

"ಇವತ್ತಿಲ್ಲ ನಾಳೆ ನನಗ ವರ್ಗ ಆಗತದ, ಹೋಗಿಬಿಡತೀವಿ. ಯಾಕ ಇದನ್ನ ಇಷ್ಟ ತಲಿಗೆ ಹಚಗೊಳ್ತಿ?"

"ನಾವು ಹೋಗತೀವಿ. ಆ ಗೋವಿನಜ್ವಾಳ ಇಲ್ಲೇ ಇರ್ತದ, ಊರಿಗೂ ಬರ್ತದ," ಎಂದಳು ಅನಸೂಯಾ. "ಅದು ಚೊಲೋನ ಇದ್ರ ಚೊಲೋ ಅಂತ ನಾನ ಬರದುಕೊಡ್ತೇನಿ. ಆದ್ರ ಗೊತ್ತಾಗದ ಹೆಂಗ ಬರೀಲಿ?"

ಸಭೆ ಬೀಚ್ ರೋಡಿನ ಹೋಟೆಲಿನಲ್ಲಿ. ಕಿಟಕಿಯಾಚೆ ಸಮುದ್ರ, ಒಳಗೆ ಚಳಿ ಹತ್ತುವಷ್ಟು ಏಸಿ. ತಂಡದಲ್ಲಿ ಮೂವರಿದ್ದರು. ಹಿರಿಯಳು ಡಾಕ್ಟರ್ ಶುಭಾ, ಆಹಾರದ ವಿಷಗಳ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿ ನಿವೃತ್ತಳಾದವಳು, ಒರಟು ಮಾತು ಆಡಿ ಗೊತ್ತಿಲ್ಲದವಳು. ಅವಳ ಹೆಸರು ನೋಡಿಯೇ ಅನಸೂಯಾಳಿಗೆ ಅರ್ಧ ಧೈರ್ಯ ಬಂದಿತ್ತು. ಬೀಜದ ಕಂಪನಿಯ ಪರವಾಗಿ ಒಬ್ಬ ಚುರುಕು ಮನುಷ್ಯ ಬಂದಿದ್ದ. ನಂದೀಶ್ ಹೊಸ ಶರ್ಟು ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದ.

ಅನಸೂಯಾ ಎದ್ದು ನಿಂತು ಎಲ್ಲ ಹೇಳಿದಳು. ಚಿಟ್ಟೆ ಬಂದದ್ದು, ಕಾಳು ಬೆರೆತದ್ದು, ಎರಡು ಗೆರೆ ಮೂಡಿದ್ದು. ಅವಳು ಕೂತ ಮೇಲೆ ಕಂಪನಿಯ ಮನುಷ್ಯ ವಿನಯದಿಂದ ಒಂದೊಂದಾಗಿ ಕೇಳುತ್ತ ಹೋದ. ಬೆರೆಸಿದ್ದನ್ನು ಮೇಡಂ ಕಣ್ಣಾರೆ ನೋಡಿದರೆ? ಇಲ್ಲ. ಬೆರೆಸಿದವರು ಯಾರು? ಶೆಡ್ಡಿನ ಒಬ್ಬರು, ಹೆಸರು ಹೇಳಲಾರೆ. ಎರಡನೆಯ ಗೆರೆ ಎಷ್ಟು ಕಾಳು ಬೆರೆತರೆ ಮೂಡುತ್ತದೆ? ಅನಸೂಯಾ ಸುಳ್ಳು ಹೇಳುವಂತಿರಲಿಲ್ಲ. ನೂರಾರು ಕಾಳಿನಲ್ಲಿ ಒಂದು ಹೊಸ ಕಾಳು ಸೇರಿದರೂ ಆ ಪಟ್ಟಿಯಲ್ಲಿ ಗೆರೆ ಮೂಡುತ್ತದೆ. ಹಾಗಾದರೆ ಚೀಲ ಎತ್ತಿಡುವಾಗ ನಾಲ್ಕು ಕಾಳು ಆಚೀಚೆ ಬಿದ್ದದ್ದಿರಬಹುದಲ್ಲ ಎಂದ ಅವನು. ಬೆರೆತದ್ದು ಎಷ್ಟು ಎಂದು ಅಳೆಯುವ ದೊಡ್ಡ ಪರೀಕ್ಷೆ ಇದೆ, ಪೊಟ್ಟಣಗಳನ್ನು ಕಳಿಸಿ ನೋಡಿ ಎಂದಳು ಅನಸೂಯಾ. ಆಗ ರಾಮಮೋಹನ್ ಕೆಮ್ಮಿ, ಕುಲಾಂತರಿ ಕಾಳು ಹೊರಗೆ ಬೀಳಬಾರದು ಎಂಬ ನಿಯಮವಿದೆ ಎಂದೂ, ಉಳಿದ ಕಾಳು, ಫೀಡು, ಪೊಟ್ಟಣ ಎಲ್ಲವನ್ನೂ ಹೋದ ವಾರವೇ ನಿಯಮದಂತೆ ಸುಟ್ಟಾಗಿದೆ ಎಂದೂ ತಿಳಿಸಿದರು. ತಾವು ಅಡ್ಡ ಬರುವುದಿಲ್ಲ ಎಂದು ಅವರು ಅಷ್ಟು ಉದಾರವಾಗಿ ಹೇಳಿದ್ದು ಏಕೆಂದು ಅವಳಿಗೆ ಆಗ ತಿಳಿಯಿತು.

ಇನ್ನು ಉಳಿದದ್ದು ನಂದೀಶ್ ಒಬ್ಬನೇ. ಅವನೂ ನನ್ನ ಜೊತೆ ನಿಂತು ಕೇಳಿದ್ದಾನೆ, ಅವನನ್ನು ಕೇಳಿ ಎಂದಳು. ಎಲ್ಲರೂ ತಿರುಗಿ ನೋಡಿದರು. ನಂದೀಶ್ ಎದ್ದು ನಿಂತ. ಅವಳ ಕಡೆ ನೋಡಲಿಲ್ಲ. ಶೆಡ್ಡಿನಲ್ಲಿ ಏನೋ ಮಾತುಕತೆ ನಡೆದದ್ದು ಹೌದು, ಆದರೆ ನಾನು ಕರ್ನಾಟಕದವನು, ನನಗೆ ತೆಲುಗು ಅಷ್ಟಾಗಿ ಬರುವುದಿಲ್ಲ, ಏನು ಹೇಳಿದರೋ ಸರಿಯಾಗಿ ತಿಳಿಯಲಿಲ್ಲ ಎಂದ. ತೆಲುಗು ಸಿನಿಮಾಕ್ಕೆ ಮೊದಲ ದಿನ ಮೊದಲ ಆಟಕ್ಕೆ ಹೋಗಿ ಶಿಳ್ಳೆ ಹೊಡೆಯುವ ನಂದೀಶ್. ಆಟೋದವನನ್ನು ಅವನ ಭಾಷೆಯಲ್ಲೇ ನಗಿಸಿ ಬಾಡಿಗೆ ಇಳಿಸಿದ ನಂದೀಶ್. ಅನಸೂಯಾಳಿಗೆ ಸಿಟ್ಟಿಗಿಂತ ಮೊದಲು ನಾಚಿಕೆಯಾಯಿತು, ತಾನೇ ಆ ಸುಳ್ಳು ಹೇಳಿದಷ್ಟು.

ರಾಜಮ್ಮನ ಹೆಸರು ನಾಲಗೆಯ ತುದಿಯಲ್ಲಿತ್ತು. ಒಂದು ಫೋನು, ಒಂದು ಜೀಪು, ಸಂಜೆಯ ಒಳಗೆ ಅವಳನ್ನು ಇಲ್ಲಿ ತಂದು ನಿಲ್ಲಿಸಬಹುದಿತ್ತು. ಬಂದರೆ ಅವಳು ಹೆಮ್ಮೆಯಿಂದಲೇ ಹೇಳುತ್ತಿದ್ದಳು, ಹೇಳಿ ಕೆಲಸ ಕಳೆದುಕೊಳ್ಳುತ್ತಿದ್ದಳು. ಅನಸೂಯಾ ತುಟಿ ಬಿಗಿಹಿಡಿದಳು.

ಅಷ್ಟರಲ್ಲಿ ಡಾಕ್ಟರ್ ಶುಭಾ ಮುಂದಕ್ಕೆ ಬಾಗಿದಳು. ಅವಳ ದನಿಯಲ್ಲಿ ನಿಜವಾದ ಕಾಳಜಿಯಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ.

"ಬೇರೆಲ್ಲ ಬಿಡಿ, ಅನಸೂಯಾ. ನಿಮ್ಮ ಕಣ್ಣಿನ ಮೇಲೆ ನನಗೆ ನಂಬಿಕೆ ಇದೆ. ಈ ಮೆಕ್ಕೆಜೋಳದಿಂದ ಕೋಳಿಗಳಿಗೆ ಹಾನಿಯಾದದ್ದನ್ನು ನೀವು ಕಂಡಿರಾ?"

ಕಂಡೆ ಎಂದುಬಿಟ್ಟರೆ ಆಗಿತ್ತು. ಆ ಹಳದಿ ಯಕೃತ್ತುಗಳನ್ನು ಹಿಡಿದು ಒಂದೇ ಒಂದು ಸುಳ್ಳು ಹೇಳಿದ್ದರೆ ಇಡೀ ಅಧ್ಯಯನ ಅಲ್ಲಿಗೇ ನಿಲ್ಲುತ್ತಿತ್ತು, ಹೊಸ ಕಾಳು ಬರುತ್ತಿತ್ತು, ಸರಿಯಾದ ಪರೀಕ್ಷೆ ನಡೆಯುತ್ತಿತ್ತು. ಅವಳ ಎದುರಿಗಿದ್ದವರೆಲ್ಲ ಬೇಕಾದ ಹಾಗೆ ಮಾತು ತಿರುಗಿಸಿಕೊಂಡು ಆರಾಮವಾಗಿ ಕೂತಿದ್ದರು. ಅವಳೊಬ್ಬಳಿಗೆ ಮಾತ್ರ ಅದು ಬರುವುದಿಲ್ಲ.

"ಇಲ್ಲ," ಎಂದಳು. "ಹಾನಿ ಆಗಿದೆ ಅಂತ ನಾನು ಹೇಳಲಾರೆ. ಆಗಿಲ್ಲ ಅಂತಲೂ ಹೇಳಲಾರೆ. ಈ ಅಧ್ಯಯನದಿಂದ ಅದು ಯಾರಿಗೂ ಗೊತ್ತಾಗುವಂತಿಲ್ಲ. ನಾನು ಹೇಳ್ತಿರೋದು ಅಷ್ಟೇ."

ಯಕೃತ್ತಿನ ವಿಷಯವನ್ನೂ ಹೇಳಿದಳು. ಎರಡೂ ಗುಂಪಿನಲ್ಲಿ ಇತ್ತೇ ಎಂದು ಶುಭಾ ಕೇಳಿದಳು. ಇತ್ತು. ಸಮನಾಗಿ ಇತ್ತೇ? ಸಮನಾಗಿ ಇತ್ತು. ಶುಭಾ ತಲೆದೂಗಿ ಏನೋ ಬರೆದುಕೊಂಡಳು. ಸಮನಾಗಿ ಇರುವುದೇ ಕೇಡು, ಎರಡೂ ಗುಂಪು ಒಂದನ್ನೇ ತಿಂದಿವೆ ಎಂದು ಅನಸೂಯಾ ಮತ್ತೆ ಹೇಳತೊಡಗಿದಾಗ ಹೋಟೆಲಿನವನು ಊಟ ರೆಡಿ ಎಂದು ಬಂದು ನಿಂತ. ಕಂಪನಿಯ ಮನುಷ್ಯ ಎಲ್ಲರಿಗಿಂತ ಮೊದಲು ಎದ್ದು ಹಿರಿಯರಿಗೆ ಕುರ್ಚಿ ಸರಿಸಿದ.

ಅನಸೂಯಾ ಊಟಕ್ಕೆ ಹೋಗಲಿಲ್ಲ. ಹೊರಗೆ ಬಿಸಿಲಿನಲ್ಲಿ ನಿಂತು ಸಮುದ್ರ ನೋಡಿದಳು. ಹೇಳಬೇಕಾದದ್ದನ್ನು ಹೇಳಿದ್ದೇನೆ, ಶುಭಾ ತಿಳಿದವಳು, ಅವಳಿಗೆ ಅರ್ಥವಾಗಿಯೇ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡಳು. ತನ್ನ ಸಹಿ ಇಲ್ಲದೆ ವರದಿ ಕದಲುವುದಿಲ್ಲ ಎಂಬ ಧೈರ್ಯವೂ ಇತ್ತು.

ಊಟವಾದ ಮೇಲೆ ಸಭೆಯ ನಿರ್ಣಯ ಓದಿದರು. ತಂಡದ ಕಿರಿಯ ತಜ್ಞ ಅದನ್ನು ಹಬ್ಬದೂಟದ ಮಂಪರಿನಲ್ಲಿ ರಾಗವಾಗಿ ಓದಿದ. ಅಧ್ಯಯನ ತೃಪ್ತಿಕರ. ಎರಡು ಗುಂಪುಗಳ ನಡುವೆ ಯಾವ ವ್ಯತ್ಯಾಸವೂ ಕಂಡುಬಂದಿಲ್ಲ. ಯಕೃತ್ತಿನ ಬದಲಾವಣೆ ಎರಡರಲ್ಲೂ ಸಮನಾಗಿರುವುದರಿಂದ ಅದಕ್ಕೆ ಮೆಕ್ಕೆಜೋಳ ಕಾರಣವಲ್ಲ. ಕಾಳಿನ ಅಲ್ಪಸ್ವಲ್ಪ ಬೆರಕೆ ಫಲಿತಾಂಶದ ಮೇಲೆ ಪರಿಣಾಮ ಬೀರಿಲ್ಲ. ಮುಂದಿನ ಅಧ್ಯಯನಗಳಲ್ಲಿ ಇಂಥದು ಆಗದಂತೆ ಶೆಡ್ಡಿನ ಕೆಲಸದವರನ್ನು ಬದಲಾಯಿಸುವುದು ಒಳ್ಳೆಯದು. ಕೊನೆಯ ಸಾಲು ಬಂದಾಗ ಅವನು ಅನಸೂಯಾಳ ಕಡೆ ನೋಡಿ ಗೌರವದಿಂದ ತಲೆ ಬಾಗಿಸಿದ: ಈ ಮೆಕ್ಕೆಜೋಳದಿಂದ ಕೋಳಿಗಳಿಗೆ ಹಾನಿಯಾದದ್ದನ್ನು ತಾವು ಕಂಡಿಲ್ಲವೆಂದು, ಅಧ್ಯಯನದ ಹೊಣೆ ಹೊತ್ತ ಡಾಕ್ಟರ್ ಅನಸೂಯಾ ಅವರು ತಂಡದ ಪ್ರಶ್ನೆಗೆ ಉತ್ತರವಾಗಿ ಖುದ್ದಾಗಿ ದೃಢಪಡಿಸಿದ್ದಾರೆ.

ಅನಸೂಯಾ ದಿಗ್ಗನೆ ಎದ್ದಳು. ನಾನು ಹೇಳಿದ್ದು ಅದಲ್ಲ ಎಂದಳು. ಶುಭಾ ಬೇಸರಪಟ್ಟುಕೊಳ್ಳದೆ, ತಾನು ಕೇಳಿದ ಪ್ರಶ್ನೆಯನ್ನು ಇನ್ನೊಮ್ಮೆ ನೆನಪಿಸಿ, ಅದಕ್ಕೆ ನೀವು ಇಲ್ಲ ಎಂದು ಹೇಳಿದಿರೋ ಇಲ್ಲವೋ ಎಂದು ಕೇಳಿದಳು. ಹೇಳಿದ್ದೆ ಎನ್ನಬೇಕಾಯಿತು. ಅದರ ಮುಂದೆ ಹೇಳಿದ್ದು ಎಲ್ಲಿ ಹೋಯಿತು ಎಂದು ಕೇಳಿದಳು. ಅದು ಅಭಿಪ್ರಾಯ ಅಮ್ಮಾ, ನಿರ್ಣಯದಲ್ಲಿ ಕಂಡದ್ದನ್ನು ಮಾತ್ರ ಬರೆಯುತ್ತಾರೆ ಎಂದಳು ಶುಭಾ, ಕಿರಿಯ ಸಹೋದ್ಯೋಗಿಗೆ ಪಾಠ ಹೇಳುವ ಪ್ರೀತಿಯಿಂದ. ಮೂವರು ತಜ್ಞರೂ ಸಹಿ ಹಾಕಿದರು. ಕಂಪನಿಯ ಮನುಷ್ಯ ಎಲ್ಲರ ಕೈ ಕುಲುಕಿದ. ನಂದೀಶ್ ಯಾವ ಬಾಗಿಲಿನಿಂದ ಹೋದನೋ ತಿಳಿಯಲಿಲ್ಲ.

ಕೋಣೆ ಖಾಲಿಯಾದ ಮೇಲೆ ರಾಮಮೋಹನ್ ಅವಳ ಬಳಿ ಬಂದರು. ಅವರ ಮುಖದಲ್ಲಿ ಗೆದ್ದ ಕೊಬ್ಬಿರಲಿಲ್ಲ, ದಣಿವಿತ್ತು, ಒಂದಿಷ್ಟು ಕೃತಜ್ಞತೆಯೂ ಇತ್ತು. ಅವಳು ಬ್ಯಾಗು ಎತ್ತಿಕೊಂಡು, ಏನೇ ಬರೆದುಕೊಳ್ಳಿ, ಆ ವರದಿಗೆ ನಾನು ಸಹಿ ಹಾಕುವುದಿಲ್ಲ ಎಂದಳು.

"ಸಹಿ ಈಗ ನಂದೀಶ್ ಹಾಕಿದರೂ ನಡೆಯುತ್ತೆ ಅಂಡಿ," ಎಂದರು ರಾಮಮೋಹನ್, ಅವಳಿಗೆ ಬಾಗಿಲು ತೆರೆದು ಹಿಡಿಯುತ್ತ. "ನಿರ್ಣಯದಲ್ಲಿ ನಿಮ್ಮ ಮಾತು ಬಂತಲ್ಲ, ಅದು ಸಾಕು."